ಎಕ್ಕದ ಎಲೆಗೆ ಟ್ಯೂಬಿನ ಹಸಿರು ಬೇಡ

ಏಪ್ರಿಲ್‌ನಲ್ಲಿ ಹಿರಿಯೂರಿನಿಂದ ಚಳ್ಳಕೆರೆ ಕಡೆ ಹೋಗಿ ನೋಡಿ. ಹೊಲ ಬರಿದು, ಹುಲ್ಲು ಒಣಗಿ ನೆಲದ ಬಣ್ಣಕ್ಕೆ ತಿರುಗಿರುತ್ತದೆ. ಅಂಥಾ ಬಿಸಿಲಲ್ಲೂ ರಸ್ತೆ ಪಕ್ಕದ ಎಕ್ಕ ಗೊಂಚಲು ಗೊಂಚಲಾಗಿ ಹೂ ಬಿಟ್ಟು ನಿಂತಿರುತ್ತದೆ, ಸ್ವಲ್ಪ ಮುಂದೆ ತಂಗಡಿ, ಹಳದಿ ಹೂವೂ ಒಣಗಿದ ಕಾಯಿಯೂ ಒಂದೇ ಗಿಡದಲ್ಲಿ. ನನಗಂತೂ ಗಾಡಿ ನಿಲ್ಲಿಸದೆ ಮುಂದೆ ಹೋಗಲು ಆಗುವುದಿಲ್ಲ.

ನನ್ನ ಹತ್ತಿರ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬರೆಯಲು ಕಲಿಯುವವರು ಈ ಹೂ ಬರೆದಾಗ ಮೊದಲು ಕೆಡುವುದು ಎಲೆ. ಸ್ಯಾಪ್ ಗ್ರೀನ್ ಅನ್ನುವ ಟ್ಯೂಬಿನ ಹಸಿರು ತೆಗೆದು ಹಾಗೇ ಬಳಿದುಬಿಡುತ್ತಾರೆ. ಅದು ಮಲೆನಾಡಿನ ಜುಲೈ ಹಸಿರು, ಅಲ್ವಾ? ಎಕ್ಕದ ಎಲೆ ಮೇಲೆ ಹಿಟ್ಟು ಉದುರಿಸಿದಂಥ ಬಿಳಿ ಪುಡಿ ಇರುತ್ತದೆ, ಅದರ ಮೇಲೆ ಲಾರಿಗಳು ಎಬ್ಬಿಸಿದ ಧೂಳು. ಹಸಿರಿಗೆ ಟೈಟೇನಿಯಂ ವೈಟ್ ಧಾರಾಳವಾಗಿ ಹಾಕಿ, ಚೂರೇ ಚೂರು ಕೆಂಪು ಸೇರಿಸಿ. ಕೆಂಪು ಬಿದ್ದರೆ ಹಸಿರಿನ ಅಬ್ಬರ ಇಳಿಯುತ್ತದೆ. ಎಲೆ ಬೂದು ಬಣ್ಣಕ್ಕೆ ತಿರುಗಿದ ತಕ್ಷಣ ನಸುನೇರಳೆ ಹೂ ತಾನೇ ಎದ್ದು ಬರುತ್ತದೆ. ಆ ನೇರಳೆಗೆ ಅಲ್ಟ್ರಾಮರೀನ್ ನೀಲಿ, ಮಜೆಂಟಾ, ಬಿಳಿ ಸಾಕು. ಕಿತ್ತಳೆ ಕಡೆ ವಾಲುವ ಕೆಂಪು ಬಳಸಿದರೆ ಕಂದಾಗುತ್ತದೆ.

ತಂಗಡಿಯ ತೊಂದರೆ ಬೇರೆ. ಒಣಗಿದ ಹಸಿರಿನ ಮೇಲೆ ಹಳದಿ ಎಷ್ಟು ಸಲ ಬಳಿದರೂ ಮಂಕು. ಹ್ಯಾನ್ಸಾ ಯೆಲ್ಲೋದಂಥ ಹಳದಿಗಳಲ್ಲಿ ಕೆಳಗಿನ ಬಣ್ಣ ಕಾಣಿಸುತ್ತದೆ, ಅದಕ್ಕೇ. ಒಂದು ಇಡೀ ಕ್ಯಾನ್‌ವಾಸ್ ಹೀಗೆ ಕೆಡಿಸಿದ ಮೇಲೆ ನಾನು ಹೂವಿನ ಜಾಗಕ್ಕೆ ಮೊದಲು ಬಿಳಿ ಹಾಕಿ, ಪೂರ್ತಿ ಒಣಗಿಸಿ, ಆಮೇಲೆ ಹಳದಿ ಹಚ್ಚಲು ಶುರುಮಾಡಿದೆ. ನೆರಳಿಗೆ ಕಪ್ಪು ಬೆರೆಸಬೇಡಿ, ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಮಣ್ಣಿನಂಥ ಹಳದಿ, ಯೆಲ್ಲೋ ಓಕರ್ ಬಳಸಿ.

ಬಿಸಿಲಲ್ಲಿ ಅಕ್ರಿಲಿಕ್ ಪ್ಯಾಲೆಟ್ ಮೇಲೇ ಕೆನೆ ಕಟ್ಟುತ್ತದೆ. ಅದರಲ್ಲಿರುವ ನೀರು ಆರಿದರೆ ಮುಗಿಯಿತು, ಮತ್ತೆ ನೀರು ಹಾಕಿದರೆ ಕರಗುವುದಿಲ್ಲ. ಮುಚ್ಚಳದ ಊಟದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಬೆರೆಸಿ. ಇಷ್ಟಾದರೂ ನಾನು ರಸ್ತೆ ಬದಿ ಚಿತ್ರ ಮುಗಿಸುವುದಿಲ್ಲ. ಪುಸ್ತಕದಲ್ಲಿ ಬಣ್ಣದ ತೇಪೆಗಳನ್ನು ಹಚ್ಚಿ, ಒಣಗಿದ ಮೇಲೆ ಎಲೆ ಪಕ್ಕ ಹಿಡಿದು ನೋಡುತ್ತೇನೆ, ಯಾಕಂದ್ರೆ ಅಕ್ರಿಲಿಕ್‌ನಲ್ಲಿರುವ, ಹಸಿಯಾಗಿದ್ದಾಗ ಹಾಲಿನಂತಿರುವ ಅಂಟು ಆರಿದ ಮೇಲೆ ತಿಳಿಯಾಗಿ, ಬಣ್ಣ ಒಂದು ಚೂರು ಗಾಢವಾಗುತ್ತದೆ. ಫೋಟೋ ಆಕಾರಕ್ಕೆ ಮಾತ್ರ. ಮೊಬೈಲ್‌ನಲ್ಲಿ ತಂಗಡಿ ಎಸಳುಗಳು ಎಷ್ಟೋ ಸಲ ಒಂದೇ ಹಳದಿ ಮುದ್ದೆಯಾಗಿ ಬರುತ್ತವೆ. ಎಕ್ಕವನ್ನು ಸುಮ್ನೆ ಮುರಿಯಬೇಡಿ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಇನ್ನು ತಂಗಡಿಯ ಆ ಒಣ ಕಾಯಿಗಳು. ಅಂದ ಕೆಡುತ್ತದೆ ಅಂತ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕೆಂಪು ಮಿಶ್ರಿತ ಕಂದು ಬಣ್ಣದ ಬರ್ಂಟ್ ಸಿಯೆನ್ನಾಗೆ ಸ್ವಲ್ಪ ಅಲ್ಟ್ರಾಮರೀನ್ ಬೆರೆಸಿ, ಚಪ್ಪಟೆ ಬ್ರಷ್‌ನಲ್ಲಿ ಮೇಲಿಂದ ಕೆಳಗೆ, ಒಂದು ಕಾಯಿಗೆ ಒಂದೇ ಎಳೆತ.