ಹಸಿ ಅಕ್ಕಿ ತಿನ್ನುವ ಸೊಸೆ ಮತ್ತು ಊಟದ ಮೇಲಿನ ಕಾಫಿ

ಮೊಸರನ್ನಕ್ಕೆ ಮಾವಿನಹಣ್ಣು ಕಿವುಚಿಕೊಳ್ಳುವ ಮಗ, ಉಪ್ಪಿಟ್ಟಿನ ಮೇಲೆ ಸಕ್ಕರೆ ಸುರಿದುಕೊಳ್ಳುವ ಗಂಡ, ಕಾಫಿ ಲೋಟಕ್ಕೆ ಕಡ್ಲೆಪುರಿ ತುಂಬಿಕೊಂಡು ಚಮಚದಲ್ಲಿ ತಿನ್ನುವ ಮಾವ: ಚಿಕ್ಕಮಗಳೂರಿನ ನನ್ನ ಚಿಕಿತ್ಸಾಲಯದಲ್ಲಿ ಇಂಥ ದೂರುಗಳನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ಒಬ್ಬರ ತಟ್ಟೆ ಉಳಿದವರದಕ್ಕಿಂತ ಬೇರೆಯಾಗಿ ಕಂಡರೆ ಸಾಕು, ಅವರ ಸುಸ್ತು, ತಲೆಸುತ್ತು, ಉದುರುವ ಕೂದಲು ಎಲ್ಲದರ ಹೊಣೆಯೂ ಆ ತಟ್ಟೆಯ ಮೇಲೆಯೇ ಬೀಳುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಅಲರ್ಜಿ ಇರುವವರ ಮಾತು ಬೇರೆ. ಉಳಿದವರಲ್ಲಿ ಇಂಥ ಜೋಡಿಗಳಿಂದ ಕಾಯಿಲೆ ಬಂದುದನ್ನು ನಾನಂತೂ ಕಂಡಿಲ್ಲ. ಮೀನು ತಿಂದು ಹಾಲು ಕುಡಿಯಬಾರದೆಂಬ ನಿಷೇಧ ಚರಕ ಸಂಹಿತೆಯಷ್ಟು ಹಳೆಯದು, ಅದನ್ನು ಪಾಲಿಸುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತೊನ್ನು ಬರುವುದು ಆ ಜೋಡಿಯಿಂದಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮದ ಬಣ್ಣದ ಕೋಶಗಳನ್ನು ನಾಶ ಮಾಡುವುದರಿಂದ ಎಂಬುದನ್ನು ಮಾತ್ರ ತಿಳಿಸಿ ಕಳುಹಿಸುತ್ತೇನೆ.

ನನ್ನ ತಾಳ್ಮೆ ಕೆಡಿಸುವುದು ಇವು ಯಾವುವೂ ಅಲ್ಲ. ವಿಚಿತ್ರವೆಂದು ಯಾರಿಗೂ ತೋರದ ಒಂದು ಅಭ್ಯಾಸ, ಅಂದರೆ ಊಟ ಮಾಡಿ ಕೈ ತೊಳೆಯುತ್ತಿದ್ದಂತೆಯೇ ಬರುವ ಕಾಫಿ.

ಕಳೆದ ಮಳೆಗಾಲದಲ್ಲಿ ಆಲ್ದೂರಿನ ಕಡೆಯ ಅತ್ತೆಯೊಬ್ಬರು ಸೊಸೆಯನ್ನು ಕರೆತಂದಿದ್ದರು. “ಡಬ್ಬಕ್ಕೆ ಕೈ ಹಾಕಿ ಹಸಿ ಅಕ್ಕಿ ತಿಂತಾಳೆ ಡಾಕ್ಟ್ರೇ, ಎಷ್ಟು ಹೇಳಿದ್ರೂ ಕೇಳಲ್ಲ. ಮದುವೆ ದಿನ ಜಡಿಮಳೆ ಹೊಡೀತಲ್ಲ, ಆಗ್ಲೇ ನಂಗೆ ಗೊತ್ತಾಯ್ತು” ಎಂದರು. ಹಸಿ ಅಕ್ಕಿ ತಿಂದವಳ ಮದುವೆಗೆ ಮಳೆ ಬರುತ್ತದೆಂಬ ಮಾತನ್ನು ನನ್ನಜ್ಜಿಯೂ ಹೇಳುತ್ತಿದ್ದರು; ಮಲೆನಾಡಿನಲ್ಲಿ ಆಷಾಢದ ಹಿಂದುಮುಂದೆ ಮುಹೂರ್ತ ಇಟ್ಟರೆ ಯಾರ ಮದುವೆಗೆ ಮಳೆ ತಪ್ಪೀತು? ಸೊಸೆ ತಲೆತಗ್ಗಿಸಿ ಕುಳಿತಿದ್ದಳು. ಕೇಳಿದಾಗ ಕೈಚೀಲದ ಬದಿಯ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಒಂದು ಹಿಡಿ ಸೋನಾಮಸೂರಿ ಇತ್ತು. ಕೆಳರೆಪ್ಪೆಯನ್ನು ಜಗ್ಗಿ ನೋಡಿದರೆ ಒಳಗೆ ಕೆಂಪೇ ಇರಲಿಲ್ಲ. ಹಿಮೋಗ್ಲೋಬಿನ್ 7.8 ಬಂತು, ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ.

ಅಕ್ಕಿ, ಬಳಪ, ಮಣ್ಣು, ಐಸ್‌ಗಡ್ಡೆ ಇಂಥವುಗಳನ್ನು ತಿನ್ನಬೇಕೆಂಬ ಹಂಬಲ ಅನೇಕ ಸಲ ಕಬ್ಬಿಣಾಂಶದ ಕೊರತೆಯ ಜೊತೆಗೇ ಕಾಣಿಸಿಕೊಳ್ಳುತ್ತದೆ. ಹೀಗೆ ತಿನ್ನುವ ಎಲ್ಲರಿಗೂ ಕೊರತೆ ಇದ್ದೇ ಇರುತ್ತದೆಂದು ಹೇಳಲಾರೆ, ಆದರೆ ಬೈಯುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ಖಂಡಿತ ಹೇಳಬಲ್ಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು.

ಆಕೆ ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದಳು. ಯಾವುದರ ಜೊತೆ ಎಂದು ಕೇಳಿದೆ. ಬರೀ ನೀರಿನಲ್ಲಿ ನುಂಗಿದರೆ ವಾಕರಿಕೆ ಬರುವುದರಿಂದ, ಮಧ್ಯಾಹ್ನದ ಊಟವಾದ ಮೇಲೆ ಕಾಫಿಯಲ್ಲಿ ನುಂಗುತ್ತಿದ್ದಳಂತೆ!

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ರಾಗಿ, ಸೊಪ್ಪು, ಹುರುಳಿ, ಬೇಳೆಗಳಲ್ಲಿರುವ ಕಬ್ಬಿಣಾಂಶವು ಮಾಂಸದಲ್ಲಿರುವ ಕಬ್ಬಿಣಾಂಶದಷ್ಟು ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಕಾಫಿ ಮತ್ತು ಟೀಯಲ್ಲಿರುವ ಪಾಲಿಫೀನಾಲ್‌ಗಳು ಕರುಳಿನಲ್ಲಿ ಅದನ್ನು ಹಿಡಿದಿಟ್ಟುಕೊಂಡರೆ, ಸೇರಬೇಕಾದುದರಲ್ಲಿಯೂ ಒಂದಷ್ಟು ಸೇರದೆ ಹೊರಗೆ ಹೋಗುತ್ತದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣಾಂಶದ ಹೀರಿಕೆ ಶೇ. 39ರಷ್ಟು, ಟೀ ಕುಡಿದಾಗ ಶೇ. 64ರಷ್ಟು ಕುಗ್ಗಿತು. ಅದು ಹ್ಯಾಂಬರ್ಗರ್ ಊಟ. ಅದೇ ಅಂಕಿಯನ್ನು ನಮ್ಮ ಮುದ್ದೆ-ಬಸ್ಸಾರಿಗೆ ನೇರವಾಗಿ ಅಂಟಿಸಲು ನಾನು ಸಿದ್ಧನಿಲ್ಲ. ಆದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದ ಕಾಫಿ ಕೂಡ ಅಷ್ಟೇ ಅಡ್ಡಿ ಮಾಡಿತ್ತೆಂಬುದನ್ನು ಮರೆಯಬಾರದು. “ಅರ್ಧ ಲೋಟ ಅಷ್ಟೇ ಡಾಕ್ಟ್ರೇ”, “ಹಾಲು ಜಾಸ್ತಿ ಹಾಕ್ತೀವಿ”, “ಬೆಲ್ಲದ ಕಾಫಿ, ಬೆಲ್ಲದಲ್ಲಿ ಕಬ್ಬಿಣ ಇರುತ್ತಲ್ಲ” ಎಂಬ ಮೂರು ವಾದಗಳನ್ನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಡಿಕಾಕ್ಷನ್ ಇದ್ದಲ್ಲಿ ಪಾಲಿಫೀನಾಲ್ ಇದ್ದೇ ಇರುತ್ತದೆ. ಬೆಲ್ಲ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಕಾಫಿ ಬಿಡಿ ಎಂದು ಈ ಊರಿನಲ್ಲಿ ಕುಳಿತು ಹೇಳುವಷ್ಟು ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಊಟಕ್ಕೂ ಕಾಫಿಗೂ ನಡುವೆ ಅಂತರವಿರಲಿ, ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಮಾತ್ರೆಯನ್ನು ನಿಂಬೆ ಪಾನಕದಲ್ಲಿ ನುಂಗಿ ಎಂದಷ್ಟೇ ಹೇಳುತ್ತೇನೆ.

ಕೊರತೆಗೆ ಕಾಫಿಯೊಂದೇ ಕಾರಣವೆಂದು ಯಾರೂ ತೀರ್ಮಾನಿಸಬಾರದು. ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ, ತೋಟದ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅಂಟುವ ಕೊಕ್ಕೆಹುಳು, ಇವನ್ನೆಲ್ಲ ವೈದ್ಯರು ನೋಡಲೇಬೇಕು. ಈಕೆಗೂ ಆ ಪರೀಕ್ಷೆಗಳನ್ನು ಮಾಡಿಸಿ, ಹುಳದ ಮಾತ್ರೆಯನ್ನೂ ಕೊಟ್ಟಿದ್ದೆವು.

ಎರಡೂವರೆ ತಿಂಗಳ ನಂತರ ಬಂದಾಗ ಹಿಮೋಗ್ಲೋಬಿನ್ 10.9 ಇತ್ತು, ಕೈಚೀಲದಲ್ಲಿ ಪೊಟ್ಟಣವಿರಲಿಲ್ಲ. ಆ ದಿನ ಅತ್ತೆಯವರ ರಕ್ತವನ್ನೂ ಪರೀಕ್ಷಿಸಿದೆ. 9.6 ಬಂದ ಚೀಟಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕಿ ಡಬ್ಬಕ್ಕೆ ಎಂದೂ ಕೈ ಹಾಕದವರಿಗೆ ಇದು ಅನ್ಯಾಯವೆಂದು ಕಂಡಿರಬೇಕು. ಕಾಫಿಯ ಮಾತೆತ್ತಿದಾಗ, “ಊಟ ಆಗಿ ಎರಡು ಗಂಟೆ ಕಾಯೋದು ನನ್ನಿಂದಾಗಲ್ಲ. ಹನ್ನೆರಡಕ್ಕೆ ಕಾಫಿ ಕುಡಿದು ಒಂದೂವರೆಗೆ ಊಟ ಮಾಡಿದ್ರೆ ಆಗುತ್ತಾ?” ಎಂದು ಕೇಳಿದರು. ಅದೇ ಅಧ್ಯಯನದಲ್ಲಿ, ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದ ಕಾಫಿಯಿಂದ ಹೀರಿಕೆ ಕುಗ್ಗಿರಲಿಲ್ಲ. ಆಗುತ್ತದೆ ಎಂದೆ.