ಇಪ್ಪತ್ತು ಪರ್ಸೆಂಟ್ ಬಿಟ್ಟರೆ ಎಷ್ಟು ಮಾರಬೇಕು ಸಾವ್ಕಾರ್ರೇ?

ನಾನು ಲೆಕ್ಕ ಬರೆಯುವವನು. ದಾವಣಗೆರೆಯ ಬಟ್ಟೆ ಅಂಗಡಿ, ಬೇಕರಿ, ಫ್ಯಾನ್ಸಿ ಸ್ಟೋರುಗಳ ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕಸುಬು. ಆಫರ್ ಇಡುವಾಗ ನನ್ನನ್ನು ಯಾರೂ ಕೇಳುವುದಿಲ್ಲ. ಆದರೆ ಡಿಸೆಂಬರಿನ ಬಿಲ್ಲುಗಳೆಲ್ಲ ಜನವರಿ 11ರ ಒಳಗೆ ನನ್ನ ಟೇಬಲ್ಲಿಗೇ ಬರಬೇಕು. ಮದುವೆಗೆ ಕರೆಯದೆ ಪಾತ್ರೆ ತೊಳೆಯೋಕೆ ಕರೆದ ಹಾಗೆ.

ಚೌಕಿಪೇಟೆ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ಒಮ್ಮೆ ಜನವರಿಯಲ್ಲಿ ಬೆಣ್ಣೆ ದೋಸೆ ಪಾರ್ಸೆಲ್ ಹಿಡಿದುಕೊಂಡೇ ಬಂದರು. ‘ಈ ಸಲ ಕ್ರಿಸ್‌ಮಸ್ ಆಫರ್ ಭರ್ಜರಿ ಆತ್ರಿ. ಹದಿನೈದು ದಿನಕ್ಕೆ ಆರು ಲಕ್ಷ!’ ಹಿಂದಿನ ವರ್ಷ ಅದೇ ಹದಿನೈದು ದಿನಕ್ಕೆ ನಾಲ್ಕು ಲಕ್ಷ ಆಗಿತ್ತು. ಆಗ ಆಫರ್ ಇರಲಿಲ್ಲ. ಈ ಸಲ ಅಂಗಡಿಯ ಎಲ್ಲ ಮಾಲಿಗೂ 20 ಪರ್ಸೆಂಟ್ ಬಿಟ್ಟಿದ್ದರು. ದೋಸೆ ತಿಂದೆ. ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ. ಈ ಕ್ರಮ ಮುಖ್ಯ, ಲೆಕ್ಕ ಮೊದಲು ಮಾಡಿದ್ದರೆ ದೋಸೆ ಇಬ್ಬರಿಗೂ ಇಳಿಯುತ್ತಿರಲಿಲ್ಲ.

ಅವರ ಮಾರ್ಜಿನ್, ಅಂದರೆ ಮಾರುವ ಬೆಲೆಯಲ್ಲಿ ಉಳಿಯುವ ಪಾಲು, ಸುಮಾರು 30 ಪರ್ಸೆಂಟ್. ಜಿಎಸ್‌ಟಿ ಪಕ್ಕಕ್ಕಿಡೋಣ. ಸಾವಿರ ರೂಪಾಯಿ ಸೀರೆಯ ಅಸಲು 700, ಉಳಿಯುವುದು 300. ಅದಕ್ಕೆ 20 ಪರ್ಸೆಂಟ್ ಬಿಟ್ಟರೆ ಗಿರಾಕಿ 800 ಕೊಡುತ್ತಾನೆ. ಅಸಲು ಅದೇ 700. ಉಳಿಯುವುದು 100. ಅಂದರೆ ಒಂದು ಸೀರೆಯಲ್ಲಿ ಸಿಗುತ್ತಿದ್ದ ದುಡ್ಡು ಸಿಗಬೇಕಾದರೆ ಈಗ ಮೂರು ಸೀರೆ ಮಾರಬೇಕು. ಮತ್ತೆ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು: 20 ಬಿಟ್ಟರೆ 20 ಜಾಸ್ತಿ ಮಾರಿದರೆ ಸಾಲುವುದಿಲ್ಲ. ಮೂರು ಪಟ್ಟು ಬೇಕು. 10 ಬಿಟ್ಟರೂ ಎರಡು ಸೀರೆ ಮಾರುತ್ತಿದ್ದ ಜಾಗದಲ್ಲಿ ಮೂರು ಹೋಗಬೇಕು. ಡಿಸ್ಕೌಂಟ್ ಕೊಡುವುದು ಪೂರ್ತಿ ಬೆಲೆಯ ಮೇಲೆ. ಆದರೆ ಕಡಿಯುವುದು ನಿಮ್ಮ ಲಾಭವನ್ನು ಮಾತ್ರ. ಸೀರೆ ಕಳಿಸುವ ಸೂರತ್ತಿನವರೇನು ನಿಮಗೆ ಕ್ರಿಸ್‌ಮಸ್ ಅಂತ ಅಸಲಿನಲ್ಲಿ ಬಿಡುತ್ತಾರಾ?

ಅವರ ಆರು ಲಕ್ಷಕ್ಕೆ ಬರೋಣ. ಅದು ಮಾಮೂಲಿ ಬೆಲೆಯಲ್ಲಿ ಏಳೂವರೆ ಲಕ್ಷದ ಮಾಲು. ಅಸಲು 5 ಲಕ್ಷದ 25 ಸಾವಿರ. ಉಳಿದದ್ದು 75 ಸಾವಿರ. ಫ್ಲೆಕ್ಸು, ಸೀರಿಯಲ್ ಸೆಟ್ಟು, ಮೈಕ್ ಕಟ್ಟಿದ ಆಟೋ, ಸಾಂತಾ ವೇಷದ ಹುಡುಗನ ಸಂಬಳ ಅಂತ 18 ಸಾವಿರ ಹೋಗಿತ್ತು. ಕೈಗೆ ಬಂದದ್ದು 57 ಸಾವಿರ. ಆಫರ್ ಇಲ್ಲದ ಹಿಂದಿನ ವರ್ಷ ಬಂದದ್ದು 1 ಲಕ್ಷದ 20 ಸಾವಿರ. ‘ಆದ್ರೂ ಅಂಗಡಿ ತುಂಬಿತ್ತಲ್ರೀ’ ಅಂದರು. ತುಂಬಿತ್ತು, ನಿಜ.

ಅವರ ಸಂಕಟವೂ ನನಗೆ ಅರ್ಥವಾಗುತ್ತದೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದೆ. ಸಂಕ್ರಾಂತಿವರೆಗೆ ಮದುವೆ ಇಲ್ಲ. ಜವಳಿ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಗಾಬರಿಯಾಗಿ 20ನೇ ತಾರೀಖು ಫ್ಲೆಕ್ಸ್ ಅಂಗಡಿಗೆ ಓಡುತ್ತಾರೆ. ಅಷ್ಟೊತ್ತಿಗೆ ನಿಜವಾಗಿ ಹಬ್ಬ ಮಾಡುವವರ ಖರೀದಿ ಮುಗಿದಿರುತ್ತದೆ. ಬ್ಲೌಸ್ ಹೊಲಿಸಬೇಕಲ್ವಾ? ಟೈಲರ್ ಏನು ರಾತ್ರೋರಾತ್ರಿ ಕೊಡುತ್ತಾನಾ? ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳು ಕ್ರೈಸ್ತರಿಗೆ ಆಗಮನ ಕಾಲ. ಮನೆಯ ತಯಾರಿ ಆಗಲೇ ಶುರು. ನಿಮ್ಮ ಬೋರ್ಡು ಏಳುವುದು ಕೊನೆಯ ಭಾನುವಾರ.

ವಿದ್ಯಾನಗರದ ಕಡೆ ಬೇಕರಿ ನಡೆಸುವ ಒಬ್ಬ ಅಕ್ಕ ಇದ್ದಾರೆ. ನವೆಂಬರ್‌ನಲ್ಲೇ ಒಣದ್ರಾಕ್ಷಿ, ಚೆರ್ರಿ ನೆನೆಹಾಕುತ್ತಾರೆ. ಹಿಂದಿನ ವರ್ಷ ಪ್ಲಮ್ ಕೇಕ್ ಒಯ್ದವರ ನಂಬರು ಒಂದು ನೋಟ್‌ಬುಕ್ಕಿನಲ್ಲಿದೆ. ದಾವಣಗೆರೆ, ಹರಿಹರದ ಮನೆಗಳಿಗೆಲ್ಲ ತಾವೇ ಫೋನ್ ಮಾಡುತ್ತಾರೆ. ‘ಹೋದ ಸಲ ಎರಡು ಕೆಜಿ ಒಯ್ದಿದ್ರಿ, ಈ ಸಲವೂ ಅಷ್ಟೇನಾ?’ ಇಷ್ಟೇ ಮಾತು. ಆರ್ಡರಿಗೆ ಅರ್ಧ ದುಡ್ಡು ಮುಂಗಡ. ಡಿಸ್ಕೌಂಟ್ ಒಂದು ರೂಪಾಯಿ ಇಲ್ಲ. ಆರ್ಡರ್ ನೋಡಿಕೊಂಡೇ ಮೈದಾ, ಮೊಟ್ಟೆ ತರಿಸುವುದರಿಂದ ಮಾಲು ಉಳಿಯುವುದೂ ಕಡಿಮೆ. 26ಕ್ಕೆ ಉಳಿದ ನಾಲ್ಕು ಕೇಕು ಅರ್ಧ ಬೆಲೆಗೆ ಕೊಟ್ಟರೆ ನಾನು ಬೇಡ ಅನ್ನುವುದಿಲ್ಲ. ಕೆಡುವ ಮಾಲಿಗೂ, ಎರಡು ವರ್ಷದಿಂದ ಕಪಾಟಿನಲ್ಲಿ ಕೂತ ಮಾಲಿಗೂ ಲೆಕ್ಕ ಬೇರೆ. ಇನ್ನು ನಮ್ಮೂರಲ್ಲಿ ಕೇಕಿನ ದೊಡ್ಡ ದಿನ ಡಿಸೆಂಬರ್ 31. ಅವತ್ತು ಕ್ರೀಮ್ ಕೇಕಿಗೆ ಬೇಕರಿ ಮುಂದೆ ಶಾಮಿಯಾನ ಬೀಳುತ್ತದೆ, ಜನ ತಾವೇ ಬರುತ್ತಾರೆ. ಬರುವವರಿಗೆ ಯಾಕೆ ಬಿಡಬೇಕು, ನೀವೇ ಹೇಳಿ.

ತೆರಿಗೆಯದೂ ಎರಡು ಮಾತು. ಡಿಸ್ಕೌಂಟನ್ನು ಬಿಲ್ಲಿನಲ್ಲೇ ತೋರಿಸಿ, ಆಗ ಕಡಿಮೆಯಾದ ಬೆಲೆಗೆ ಮಾತ್ರ ತೆರಿಗೆ. ಸುಮ್ನೆ ಹಂಚುವ ಕ್ಯಾಲೆಂಡರ್, ಡೈರಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿದ್ದರೆ ವಾಪಸ್ ಮಾಡಬೇಕು. ‘ಒಂದು ಕೊಂಡರೆ ಒಂದು ಉಚಿತ’ ಹಾಗಲ್ಲ, ಅದು ಒಂದೇ ಬೆಲೆಗೆ ಎರಡು ಮಾರಿದ ಹಾಗೆ. ಕೇಕಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ರ ಬದಲು 5. ಬಿಲ್ಲಿಂಗ್ ಮೆಷಿನ್ನಿನಲ್ಲಿ ಹಳೆ ದರ ಉಳಿದಿದೆಯಾ ನೋಡಿಕೊಳ್ಳಿ. ಕಾಂಪೊಸಿಷನ್‌ನಲ್ಲಿ, ಅಂದರೆ ಒಟ್ಟು ವ್ಯಾಪಾರದ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವವರಿಗೆ ಇದ್ಯಾವುದೂ ಹೀಗೇ ಅನ್ವಯಿಸದು. ನಿಮ್ಮ ಪುಸ್ತಕ ನೋಡದೆ ಖಚಿತವಾಗಿ ಹೇಳಲಾರೆ, ನಿಮ್ಮ ಲೆಕ್ಕದವರನ್ನೇ ಕೇಳಿ. ಮಾರ್ಜಿನ್ನೂ ಅಷ್ಟೇ. ನನ್ನ 30 ನಿಮ್ಮ 30 ಅಲ್ಲ. ಫ್ಯಾನ್ಸಿ ಸ್ಟೋರಿನಲ್ಲಿ ಜಾಸ್ತಿ ಇರಬಹುದು, ಮೊಬೈಲ್ ಅಂಗಡಿಯಲ್ಲಿ 20 ಇರುವುದೇ ಅನುಮಾನ. ಅವರು 20 ಬಿಟ್ಟರೆ ಎಷ್ಟು ಪಟ್ಟು ಮಾರಿದರೂ ಅಸಲು ಹುಟ್ಟುವುದಿಲ್ಲ.

ಆ ಚೌಕಿಪೇಟೆಯವರು ಮುಂದಿನ ನವೆಂಬರ್‌ನಲ್ಲಿ ಬಂದರು. ಮೊದಲೇ ಬಂದದ್ದು ನನಗೆ ಖುಷಿ. ಹಳೇ ಗಿರಾಕಿಗಳ ಪಟ್ಟಿ ಮಾಡಿಸಿದೆ. ಸೀರೆಯ ಸಾವಿರ, ಏಳುನೂರು, ಮುನ್ನೂರು ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು ತೋರಿಸಿದೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನಿಂತರು.

‘ಹಂಗಾದ್ರೆ ಹದಿನೈದು ಬಿಡ್ಲಾ ಸರ್?’