ಅಣಕು ಪರೀಕ್ಷೆಯ ಅಂಕ ಎಷ್ಟರ ಮಟ್ಟಿಗೆ ಮುನ್ಸೂಚನೆ?

ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕಾಗಿ ಎಸ್‌ಎಟಿ ಬರೆಯುವ ವಿದ್ಯಾರ್ಥಿಗಳಲ್ಲಿ ಅನೇಕರು ಅದಕ್ಕೂ ಮೊದಲು, ಸಾಮಾನ್ಯವಾಗಿ 11ನೇ ತರಗತಿಯ ಅಕ್ಟೋಬರ್ ತಿಂಗಳಲ್ಲಿ, ಪಿಎಸ್‌ಎಟಿ ಎಂಬ ಪೂರ್ವಭಾವಿ ಪರೀಕ್ಷೆಯನ್ನು ಬರೆದಿರುತ್ತಾರೆ. ಇದರ ಅಂಕಗಳು 320ರಿಂದ 1520ರವರೆಗೂ ಎಸ್‌ಎಟಿಯವು 400ರಿಂದ 1600ರವರೆಗೂ ಇರುವುದರಿಂದ, ಮೊದಲನೆಯದಕ್ಕೆ 80 ಕೂಡಿಸಿದರೆ ಎರಡನೆಯದು ಸಿಗುತ್ತದೆಂದು ಲೆಕ್ಕ ಹಾಕುವುದು ಸಹಜ, ಆದರೆ ತಪ್ಪು. ಎರಡಕ್ಕೂ ಅಳತೆಗೋಲು ಒಂದೇ. ಪಿಎಸ್‌ಎಟಿ ತುಸು ಸುಲಭವಾದ್ದರಿಂದ ಆ ಗೋಲಿನ ಸ್ವಲ್ಪ ಕೆಳಗಿನ ಭಾಗವನ್ನು ಅಳೆಯುತ್ತದೆ. ಅದರಲ್ಲಿ 1200 ಬಂದಿದೆಯೆಂದರೆ, ಅದೇ ದಿನ ಎಸ್‌ಎಟಿ ಬರೆದಿದ್ದರೂ ಸುಮಾರು 1200 ಬರುತ್ತಿತ್ತು ಎಂದು ಅರ್ಥ.

ಈ ‘ಸುಮಾರು’ ಎಷ್ಟು ದೊಡ್ಡದು ಎಂಬುದೇ ಮುಖ್ಯ ಪ್ರಶ್ನೆ. ಗಣಿತ ಮತ್ತು ಓದು-ಬರಹ, ಈ ಎರಡು ವಿಭಾಗಗಳಲ್ಲಿ ಪ್ರತಿಯೊಂದರ ಮಾಪನ ದೋಷ, ಅಂದರೆ ನಿಜವಾದ ಸಾಮರ್ಥ್ಯದಿಂದ ಅಂಕ ಸಾಮಾನ್ಯವಾಗಿ ಆಚೀಚೆ ಆಗುವ ಪ್ರಮಾಣ, ಸುಮಾರು 30 ಅಂಕ ಎಂದಿಟ್ಟುಕೊಳ್ಳೋಣ. ಒಂದು ವಿಭಾಗದ ಅದೃಷ್ಟ ಇನ್ನೊಂದರ ದುರದೃಷ್ಟವನ್ನು ಆಗಾಗ ಸರಿದೂಗಿಸುವುದರಿಂದ ಒಟ್ಟು ದೋಷ 60 ಆಗುವುದಿಲ್ಲ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 42 ಆಗುತ್ತದೆ. ಎರಡು ಪರೀಕ್ಷೆಗಳ ಅಂಕಗಳನ್ನು ಹೋಲಿಸುವಾಗ ಎರಡರ ದೋಷವೂ ಸೇರುವುದರಿಂದ ವ್ಯತ್ಯಾಸದ ದೋಷ ಮತ್ತೆ 60ಕ್ಕೆ ಏರುತ್ತದೆ. ಹೀಗಾಗಿ 1200 ಇದ್ದದ್ದು 1250 ಆಯಿತೆಂಬ ಒಂದೇ ಕಾರಣಕ್ಕೆ ತರಬೇತಿಯನ್ನು ಹೊಗಳುವುದು, 1150ಕ್ಕೆ ಇಳಿಯಿತೆಂದು ವಿದ್ಯಾರ್ಥಿಯನ್ನು ಗದರಿಸುವುದು, ಎರಡೂ ಆತುರದ ತೀರ್ಮಾನಗಳೇ.

ತುದಿಗಳಲ್ಲಿ ಇನ್ನೊಂದು ತೊಡಕಿದೆ. ಎತ್ತರದ ತಂದೆತಾಯಿಯರ ಮಕ್ಕಳ ಎತ್ತರ ಸರಾಸರಿಯ ಕಡೆಗೆ ವಾಲುವುದನ್ನು ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ವಿವರಿಸಿದ್ದರು. ಅಂಕಗಳೂ ಹಾಗೆಯೇ ವಾಲುತ್ತವೆ. 1450 ಗಳಿಸಿದವರ ಗುಂಪಿನಲ್ಲಿ ಅಂದು ಊಹೆಗಳು ಫಲಿಸಿದವರು, ಕೈಕೊಟ್ಟವರಿಗಿಂತ ಹೆಚ್ಚಾಗಿರುತ್ತಾರೆ. ಮುಂದಿನ ಪರೀಕ್ಷೆಗೆ ಆ ಅದೃಷ್ಟ ಜೊತೆಗೆ ಬರುವುದಿಲ್ಲ. ನಡುವಿನ ತಿಂಗಳುಗಳ ಕಲಿಕೆ ಅಂಕವನ್ನು ಮೇಲಕ್ಕೆ ಎತ್ತುತ್ತಿದ್ದರೂ, ಈ ಸೆಳೆತದಿಂದಾಗಿ ಮೇಲ್ತುದಿಯಲ್ಲಿ ಏರಿಕೆ ಕಡಿಮೆಯಾಗಿಯೂ ಕೆಳತುದಿಯಲ್ಲಿ ಹೆಚ್ಚಾಗಿಯೂ ಕಾಣುತ್ತದೆ. ಮನೆಯಲ್ಲಿ ಬರೆದ ಹಲವು ಅಣಕು ಪರೀಕ್ಷೆಗಳಲ್ಲಿ ಅತ್ಯುತ್ತಮವಾದುದನ್ನೇ ‘ನನ್ನ ಮಟ್ಟ’ ಎಂದುಕೊಳ್ಳುವವರು (ಹೆಚ್ಚಿನವರು ಹಾಗೆಯೇ ಮಾಡುತ್ತಾರೆ ಎಂಬುದು ನನ್ನ ಗುಮಾನಿ) ಅದೃಷ್ಟವನ್ನೇ ಆರಿಸಿ ಇಟ್ಟುಕೊಂಡಂತೆ.

ಸರಾಸರಿ ಹೆಚ್ಚು ನಂಬಲರ್ಹ: ನಿಗದಿತ ಸಮಯದಲ್ಲೇ ಬರೆದ ನಾಲ್ಕು ಪರೀಕ್ಷೆಗಳ ಸರಾಸರಿಯಲ್ಲಿ 42ರ ದೋಷ 21ಕ್ಕೆ ಇಳಿಯುತ್ತದೆ. ಆದರೆ ಆ ನಾಲ್ಕೂ ಇಡೀ ವರ್ಷಕ್ಕೆ ಹರಡಿಕೊಂಡಿದ್ದರೆ, ಆ ಸರಾಸರಿ ಹೇಳುವುದು ಇಂದಿನ ವಿದ್ಯಾರ್ಥಿಯ ಬಗ್ಗೆಯಲ್ಲ, ಆರು ತಿಂಗಳ ಹಿಂದಿನವನ ಬಗ್ಗೆ.